ಅಡಿಗೆ ಭಟ್ರ ಸ್ಲೇಟು

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ಕಂಪ್ಯೂಟರ್ ಕಲೀಲಿಕ್ಕೆ ಹೋಗುವ ಮಕ್ಕಳು ಕೇಳ್ತಾ ಇದ್ದೀರಿ ಅಂತ ಗ್ರಹಿಸಿ ಮಾತಾಡ್ತೇನೆ, ಮನೆಯವರೂ ಕೇಳಿ, ಕಷ್ಟ ಏನಿಲ್ಲ.

ವರ್ಚುವಲ್ ಮೆಷಿನ್ ಅಂದ್ರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಲ್ಲಿ ಕಟ್ಟಿದ ಇನ್ನೊಂದು ಕಂಪ್ಯೂಟರ್. ಅದರ ಡಿಸ್ಕು, ನೆಟ್‌ವರ್ಕ್ ಕಾರ್ಡು ನಿಜವಾದ್ದಲ್ಲ, ಕ್ಯೂಎಮು ಥರದ ಪ್ರೋಗ್ರಾಂ ವೇಷ ಹಾಕಿರ್ತದೆ. ಒಳಗಿನ ಕಂಪ್ಯೂಟರಿಗೆ ಗೆಸ್ಟು, ಹೊರಗಿನ ನಿಜವಾದ್ದಕ್ಕೆ ಹೋಸ್ಟು ಅಂತಾರೆ. ಗೆಸ್ಟು "ಇಷ್ಟು ಬೈಟ್ ಬರಿ" ಅಂತ ಮೆಮೊರಿಯಲ್ಲಿ ಚೀಟಿ ಇಡ್ತದೆ, ವೇಷದ ಡಿಸ್ಕು ಅದನ್ನ ಓದಿ ಕೆಲಸ ಮಾಡ್ತದೆ. ಗೆಸ್ಟು ಒಂದು ಥ್ರೆಡ್ಡಲ್ಲಿ, ಡಿಸ್ಕು ಇನ್ನೊಂದರಲ್ಲಿ, ಅಂದ್ರೆ ಇಬ್ಬರ ಕೆಲಸವೂ ಒಟ್ಟೊಟ್ಟಿಗೆ ನಡೀತದೆ, ಚೀಟಿ ಮಾತ್ರ ಇಬ್ಬರ ಕೈಗೂ ಸಿಗುವ ಜಾಗದಲ್ಲಿ ಉಂಟು. ವೇಷದ ಡಿಸ್ಕಿನ ಕೋಡು ಬರೆಯುವಾಗ ಆ ಚೀಟಿಯನ್ನ ಒಂದೇ ಸಲ ಓದಿ, ಇದೊಂದೇ ನನಗೆ ಹೇಳ್ಲಿಕ್ಕಿರುವುದು.

ನಮ್ಮ ಚಿಕ್ಕಮ್ಮನ ಮದುವೆ, ಅಂಗಳದಲ್ಲೇ ಚಪ್ಪರ. ಅಡಿಗೆ ಕೊಟ್ಟಗೆಯ ಕಂಬದಲ್ಲಿ ಸ್ಲೇಟು ನೇತು ಹಾಕಿ ಅಜ್ಜ "ಅಕ್ಕಿ 20 ಸೇರು" ಅಂತ ಬರೆದಿದ್ರು. ಭಟ್ರು ನೋಡಿದ್ರು, 20 ಸೇರಿಗೆ ಹಿಡಿಯುವ ಕೊಪ್ಪರಿಗೆಯನ್ನ ಒಲೆಗೇರಿಸಿ ಎಸರಿಟ್ರು. ನೀರು ಕುದೀಲಿಕ್ಕೆ ಹೊತ್ತು ಬೇಕಲ್ಲ, ಅಷ್ಟರಲ್ಲಿ ದಿಬ್ಬಣದಲ್ಲಿ ಜನ ಜಾಸ್ತಿಯಂತೆ ಅಂತ ಸುದ್ದಿ ಬಂದು ದೊಡ್ಡ ಮಾವ 20 ಉಜ್ಜಿ 35 ಬರೆದು ಹೋದ್ರು, ಯಾರಿಗೂ ಹೇಳ್ಲಿಲ್ಲ. ಅಕ್ಕಿ ಅಳೆಯುವಾಗ ಭಟ್ರು ಪುನಃ ಸ್ಲೇಟು ನೋಡಿ 35 ಸೇರು ಹಾಕಿದ್ರು. ಅನ್ನ ಅರಳಿ ಕೊಪ್ಪರಿಗೆಯ ಕಂಠ ದಾಟಿ ಬಿದ್ದು ಒಲೆಯೇ ನಂದಿತು, ಆ ಸುಟ್ಟ ಗಂಜಿಯ ವಾಸನೆ ಈಗಲೂ ನನ್ನ ಮೂಗಲ್ಲುಂಟು. ಮರುದಿನ ಭಟ್ರು ಏನು ಮಾಡಿದ್ರು ಗೊತ್ತುಂಟಾ? ಸ್ಲೇಟಿನ ಲೆಕ್ಕವನ್ನ ಅಡಕೆ ಹಾಳೆಯ ತುಂಡಿನಲ್ಲಿ ಇದ್ದಿಲಲ್ಲಿ ಬರ್ಕೊಂಡು ಸೊಂಟಕ್ಕೆ ಸಿಕ್ಕಿಸಿದ್ರು, ಪಾತ್ರೆ ಆರಿಸಿದ್ದೂ ಅದನ್ನ ನೋಡಿ, ಅಕ್ಕಿ ಅಳೆದದ್ದೂ ಅದನ್ನೇ ನೋಡಿ.

ಡಿವೈಸ್ ಕೋಡಲ್ಲೂ, ಅಂದ್ರೆ ಆ ವೇಷದ ಡಿಸ್ಕನ್ನ ನಡೆಸುವ ಕೋಡಲ್ಲೂ ಇದೇ. ಚೀಟಿಯಲ್ಲಿ ಬರೆದ ಉದ್ದ ಬಫರಿಗೆ, ಅಂದ್ರೆ ಬೈಟು ತುಂಬುವ ಕೊಪ್ಪರಿಗೆಗೆ, ಹಿಡೀತದಾ ಅಂತ ಗೆಸ್ಟ್ ಮೆಮೊರಿ ಓದಿ ನೋಡಿ, ಕಾಪಿ ಮಾಡುವಾಗ ಪುನಃ ಅಲ್ಲಿಂದಲೇ ಓದಿದ್ರೆ, ಮಧ್ಯೆ ಗೆಸ್ಟು ಅದನ್ನ ಬದಲಿಸಿ ಬಫರ್ ಉಕ್ಕಿ ಹೋಸ್ಟಿನ ಮೆಮೊರಿ ಹಾಳು. ಇದಕ್ಕೆ ಡಬಲ್ ಫೆಚ್ ಅಂತಾರೆ. ಲಾಕ್, ಅಂದ್ರೆ ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನ ತಡೆಯುವ ಚಿಲಕ, ಹಾಕಿದ್ರೆ ಸಾಕಲ್ವಾ ಅಂತ ಪ್ರತಿಸಲ ಕೇಳ್ತಾರೆ, ಸಾಕಾಗುದಿಲ್ಲ ಮಾರಾಯ್ರೆ! ಕ್ಯೂಎಮುವಿನ ದೊಡ್ಡ ಲಾಕು ಅದರದ್ದೇ ಕೋಡನ್ನ ಸಾಲಲ್ಲಿ ನಿಲ್ಲಿಸ್ತದೆ, ಕೆವಿಎಮ್‌ನಲ್ಲಿ, ಅಂದ್ರೆ ಗೆಸ್ಟನ್ನ ನೇರ ಪ್ರೊಸೆಸರಲ್ಲೇ ಓಡಿಸುವ ಲಿನಕ್ಸಿನ ವ್ಯವಸ್ಥೆಯಲ್ಲಿ, ಓಡುವ ಗೆಸ್ಟು ತನ್ನ ಮೆಮೊರಿಗೆ ಬರೆಯುವಾಗ ಆ ಲಾಕನ್ನ ಕೇಳುವುದೇ ಇಲ್ಲ, ಮಾವ ಭಟ್ರನ್ನ ಕೇಳಿದ್ರಾ?

2015ರ ಡಿಸೆಂಬರಲ್ಲಿ ಕ್ಸೆನ್ ಅಂತ ವರ್ಚುವಲ್ ಮೆಷಿನ್ ಓಡಿಸುವ ಇನ್ನೊಂದು ಸಾಫ್ಟ್‌ವೇರಿನವರು ಒಂದು ಎಚ್ಚರಿಕೆ ಹೊರಡಿಸಿದ್ರು: ಕೋಡಲ್ಲಿ ಒಂದೇ ಸಲ ಓದಿದ ಹಾಗೆ ಕಂಡ್ರೂ ಕಂಪೈಲರು, ಅಂದ್ರೆ ಕೋಡನ್ನ ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಅದನ್ನ ಚುರುಕು ಮಾಡ್ಲಿಕ್ಕೆ ಹೋಗಿ ಎರಡು ಸಲ ಓದಿಸಬಹುದು ಅಂತ. ಅದಕ್ಕೇ ಸಿ ಭಾಷೆಯಲ್ಲಿ ವೊಲಟೈಲ್ ಮಾಡಿ, ಅಂದ್ರೆ ಬರೆದಷ್ಟೇ ಸಲ ಓದು ಅಂತ ಕಂಪೈಲರಿಗೆ ಹೇಳಿ, ನಿಮ್ಮ ಲೋಕಲ್ ವೇರಿಯಬಲಿಗೆ ತಕ್ಕೊಳ್ಳಿ, ಅದೇ ನಿಮ್ಮ ಹಾಳೆಯ ತುಂಡು, ಮತ್ತೆ ಗೆಸ್ಟ್ ಮೆಮೊರಿ ಕಡೆ ನೋಡ್ಬೇಡಿ. ಇಷ್ಟು ಹೇಳ್ಲಿಕ್ಕೇ ಟೈಮಿರುವುದು. ನಮಸ್ಕಾರ.