ಗಿಡ ಹೂ ಬಿಡೋ ಹೊತ್ತಿಗೆ ಪ್ರಾಜೆಕ್ಟಿಗೆ ತಿಥಿ

ನಮಸ್ಕಾರ. ನಮ್ಮಲ್ಲಿ ಸಂಶೋಧನೆಗೆ ದುಡ್ಡೂ ಸಾಲಲ್ಲ, ಟೈಮೂ ಸಾಲಲ್ಲ ಅಂತೀನಲ್ಲ, ಅದಕ್ಕೆ ಕಳೆದ ವಿಡಿಯೋ ಕೆಳಗೆ ಒಬ್ಬರ ಕಮೆಂಟು: "ಜಾಗತಿಕ ಇನೊವೇಷನ್ ಸೂಚ್ಯಂಕದಲ್ಲಿ ಭಾರತ 2015ರಲ್ಲಿ 81ನೇ ಸ್ಥಾನ, 2025ರಲ್ಲಿ 38. ನೀವು ಚಿಕ್ಕಮಗಳೂರಲ್ಲಿ ಕೂತು ಗೋಳಾಡ್ತಾ ಇರಿ."

ಆಯ್ತು ಸ್ವಾಮಿ, ಚಪ್ಪಾಳೆ. ಆ 38ನ್ನ ತಗೊಂಡೋಗಿ ಬೋರರ್ (ಕಾಂಡ ಕೊರೆಯೋ ಹುಳ) ಹಿಡಿದ ಅರೇಬಿಕಾ ಕಾಫಿ ಗಿಡಕ್ಕೆ ತೋರಿಸಿ, ಹುಳ ಹೆದರಿ ಓಡುತ್ತಾ ನೋಡೋಣ.

ಬೋರರ್‌ಗೆ ನಮ್ಮ ಕೈಲಿರೋ ಟೆಕ್ನಾಲಜಿ ಗೊತ್ತಾ? ತೆಂಗಿನ ನಾರು! ಹುಳ ಮೊಟ್ಟೆ ಇಡೋದು ಬಿಸಿಲು ಬೀಳೋ ಕಾಂಡದ ತೊಗಟೆ ಸಂದಿಯಲ್ಲಿ. ಹಾಗಾಗಿ ಏಪ್ರಿಲ್‌ಗೂ ಅಕ್ಟೋಬರ್‌ಗೂ ಮುಂಚೆ, ಹುಳ ಹಾರೋ ಮೊದಲೇ, ಕಾಂಡ ಮತ್ತು ದಪ್ಪ ಕೊಂಬೆಗಳ ಸಡಿಲ ತೊಗಟೆಯನ್ನ ಆ ನಾರಲ್ಲಿ ಉಜ್ಜಿ ತೆಗೀಬೇಕು. ಇಲ್ಲಾ 200 ಲೀಟರ್ ಡ್ರಮ್ಮಿಗೆ 20 ಕೆಜಿ ಸುಣ್ಣ ಕಲಸಿ ಕಾಂಡಕ್ಕೆ ಹೊಡೀಬೇಕು. ಕಾಂಡದ ಮೇಲೆ ಉಬ್ಬುಗೆರೆ ಎದ್ದು ಎಲೆ ಹಳದಿಯಾದ ಗಿಡ ಕಿತ್ತು ಸುಡಬೇಕು. ಸೌದೆಗಾಗುತ್ತೆ ಅಂತ ತೋಟದಲ್ಲೇ ಒಟ್ಟಿಟ್ರೋ, ಹುಳ ಅಲ್ಲಿಂದಲೇ ಹೊರಬಂದು ಪಕ್ಕದ ಗಿಡಕ್ಕೆ.

"ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆಯಲ್ಲ?" ಇದೆ ರೀ. ಅಲ್ಲಿಂದ 1940ರ ದಶಕದಲ್ಲಿ ಬಂದ ಎಸ್.795 ತಳಿ ಇವತ್ತಿಗೂ ತೋಟ ತುಂಬ ಇದೆ. ನೆಟ್ಟ ಕಾಫಿ ಗಿಡದ ಫಸಲು ನೋಡೋಕೇ ಮೂರು ನಾಲ್ಕು ವರ್ಷ. ಹೊಸ ತಳಿ ಗಟ್ಟಿಯಾಗೋಕೆ 20–25 ವರ್ಷ. ನಮ್ಮಲ್ಲಿ ರಿಸರ್ಚ್ ಪ್ರಾಜೆಕ್ಟಿನ ಆಯಸ್ಸು? ಸಾಮಾನ್ಯವಾಗಿ 3 ವರ್ಷ. ಗಿಡ ಹೂ ಬಿಡೋ ಹೊತ್ತಿಗೆ ಪ್ರಾಜೆಕ್ಟಿಗೆ ತಿಥಿ!

(ಸಬ್‌ಸ್ಕ್ರೈಬ್ ಮಾಡಿ. ಅದಕ್ಕೆ 25 ವರ್ಷ ಬೇಡ, ಒಂದು ಬೆರಳು ಸಾಕು.)

"ಸರ್ಕಾರ ಸಂಶೋಧನೆಗೆ 1 ಲಕ್ಷ ಕೋಟಿ ನಿಧಿ ಮಾಡಿದೆ" ಅಂತೀರಾ? ಮಾಡ್ಲಿ, ಸಂತೋಷ. ಅದು ಖಾಸಗಿಯವರಿಗೆ ಕೊಡೋ ದೀರ್ಘಾವಧಿ ಸಾಲ, ಬಂಡವಾಳ. ಬೋರರ್ ತಡೆಯೋ ಗಿಡ ಹುಟ್ಟಲಿ ಅಂತ ಯಾವ ಕಂಪನಿ 25 ವರ್ಷ ಬಾಗಿಲು ಕಾಯುತ್ತೆ? ದೇಶದ ಜಿಡಿಪಿಯಲ್ಲಿ ಸಂಶೋಧನೆಗೆ ಹಾಕಿದ್ದು 2020–21ರಲ್ಲಿ ಶೇ. 0.64. ದಕ್ಷಿಣ ಕೊರಿಯಾ ಶೇ. 5ರ ಆಸುಪಾಸು. ಆ ಚಿಲ್ಲರೆಯನ್ನೂ ಮೂರು ಮೂರು ವರ್ಷಕ್ಕೆ ಕತ್ತರಿಸಿ ಹಂಚ್ತೀವಿ!

"ಇಸ್ರೋ ನೋಡಿ." ನೋಡೋಣ, ದೂರ ಯಾಕೆ, ಪಕ್ಕದ ಹಾಸನಕ್ಕೇ ಬನ್ನಿ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರ್‌ಗೇ ಕೈಕೊಟ್ಟಿತು. ಹಾಸನದ ನಿಯಂತ್ರಣ ಕೇಂದ್ರಕ್ಕೆ ಯಾರಾದ್ರೂ ಬೀಗ ಹಾಕಿದ್ರಾ? ಹಾಕಿದ್ರೆ ಇವತ್ತು ಏನು ತೋರಿಸಿ ಎದೆ ತಟ್ಕೋತಿದ್ರಿ?

ಮೂರು ವರ್ಷ ರೀ! ಕಾಫಿ ಗಿಡಕ್ಕೆ! ಹಲಸಿನ ಗಿಡಕ್ಕೂ ಹೇಳಿ ನೋಡಿ, ಮಾರ್ಚ್ 31ರೊಳಗೆ ಹಣ್ಣು ಕೊಡು ಅಂತ. 38 ಅಂತೆ, 38...

ಮುಂದಿನ ವಾರ ಕಾಫಿಯ ಎಲೆ ತುಕ್ಕು ರೋಗ, ಅದಕ್ಕೆ ಹೊಡೆಯೋ ಮೈಲುತುತ್ತ. ಕಮೆಂಟ್ ಹಾಕಿದವರೇ, ಬರೋವಾಗ ಒಂದು ಕಟ್ಟು ನಾರು ತನ್ನಿ.