ಅಡಿಕೆ ಮರ ಹತ್ತಲು ಸೇಫ್ಟಿ ಬೆಲ್ಟ್: ಕೊಳ್ಳುವ ಮೊದಲು ಏನೇನು ನೋಡಬೇಕು?

[ದೃಶ್ಯ: ಮಳೆ ನಿಂತ ತೋಟ. ಹಾವಸೆ ಹಿಡಿದ ಅಡಿಕೆ ಮರ, ಬುಡದಿಂದ ತುದಿಯವರೆಗೆ]

ನಮಸ್ಕಾರ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುವ ಹೊತ್ತು ಇದು. ಕಾರ್ಕಳ, ಬಂಟ್ವಾಳ, ಪುತ್ತೂರು, ಎಲ್ಲಿ ನೋಡಿದರೂ ಮಳೆ ಸ್ವಲ್ಪ ಹೊಳವಾದರೆ ಸಾಕು, ಜನ ಮರ ಹತ್ತುತ್ತಾರೆ. ಮರ 40-50 ಅಡಿ ಎತ್ತರ. ಕಾಂಡ ಒದ್ದೆ. ಹತ್ತುವವರ ಕಾಲಿಗೊಂದು ತಳೆ, ಅಂದರೆ ಎರಡೂ ಪಾದಕ್ಕೆ ಸಿಕ್ಕಿಸುವ ಬಳೆ, ಸೊಂಟದ ಹಿಂದೆ ಕತ್ತಿ ಸಿಕ್ಕಿಸುವ ಕೊಕ್ಕೆ, ಅಷ್ಟೇ.

30 ಅಡಿ ಮೇಲಿಂದ ಕೈ ತಪ್ಪಿದರೆ ಒಂದೂವರೆ ಸೆಕೆಂಡ್ ಆಗುವ ಮೊದಲೇ ನೆಲ ಬಂದುಬಿಡುತ್ತದೆ. ಆಗಿನ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್. ಬಚಾವಾದರೂ ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ನಮ್ಮ ಊರುಗಳಲ್ಲಿ ಇದ್ದಾರೆ, ನಿಮಗೂ ಗೊತ್ತಿರುತ್ತದೆ. ಅದಕ್ಕೇ ಈ ವಿಡಿಯೋ.

[ದೃಶ್ಯ: ಮೊಬೈಲ್ ಪರದೆ, ಬೆಲ್ಟ್‌ಗಳ ಚಿತ್ರಗಳು]

ಮರ ಹತ್ತುವ ಬೆಲ್ಟ್ ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಮೊದಲು ಬರುವುದು ಅಮೆರಿಕದ ಬೇಟೆಗಾರರ ವಿಡಿಯೋಗಳು. ಅಲ್ಲಿ ಮರಕ್ಕೆ ಒಂದು ಪುಟ್ಟ ಆಸನ ಕಟ್ಟಿ, ಅದರಲ್ಲಿ ಕೂತು ಜಿಂಕೆಗೆ ಕಾಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಆ ಮಾತು ಇಲ್ಲಿಗೇ ಬಿಡೋಣ. ಆದರೆ ಮರದಿಂದ ಬಿದ್ದು ಬಿದ್ದು ಅವರು ಕಲಿತ ಪಾಠ ನಮಗೂ ಬೇಕು. ಹೆಚ್ಚಿನವರು ಬೀಳುವುದು ಆಸನದಲ್ಲಿ ಕೂತಿರುವಾಗ ಅಲ್ಲ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಆಸನಕ್ಕೆ ಕಾಲಿಡುವಾಗ. ಹಾಗಾಗಿ ಈಗ ಅಲ್ಲಿ ಹೇಳಿಕೊಡುವುದು ಒಂದೇ ಮಾತು: ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಮರಕ್ಕೆ ಕಟ್ಟಿಕೊಂಡೇ ಇರಿ.

ನಮ್ಮಲ್ಲಿ ಬೆಲ್ಟ್ ಇದ್ದವರೂ ಮೇಲೆ ಹೋದ ಮೇಲೆ ಸಿಕ್ಕಿಸೋಣ ಅಂತಾರೆ. ಅಡಿಕೆ, ತೆಂಗು ಎರಡಕ್ಕೂ ಕೊಂಬೆಯೇ ಇಲ್ಲ, ಅಲ್ವಾ? ಬುಡದಲ್ಲಿ ಹಗ್ಗ ಸುತ್ತಿದರೆ ತುದಿವರೆಗೆ ಬಿಚ್ಚುವ ಅಗತ್ಯವೇ ಬರುವುದಿಲ್ಲ. ಇಷ್ಟು ಅನುಕೂಲದ ಮರ ಆ ಬೇಟೆಗಾರರಿಗೂ ಸಿಗಲಿಕ್ಕಿಲ್ಲ.

[ದೃಶ್ಯ: ಮೇಜಿನ ಮೇಲೆ ಎರಡು ಬೆಲ್ಟ್]

ಸರಿ, ಬೆಲ್ಟ್ ನೋಡೋಣ. ಎಡಗಡೆಯದ್ದು ಬರೇ ಸೊಂಟಕ್ಕೆ ಕಟ್ಟುವಂಥದ್ದು. ರೇಟು ಕಮ್ಮಿ, ಆದರೆ ತೆಗೆದುಕೊಳ್ಳಬೇಡಿ. ಬಿದ್ದಾಗ ಇಡೀ ದೇಹದ ಭಾರ ಹೊಟ್ಟೆ, ಪಕ್ಕೆಲುಬಿನ ಮೇಲೆ ಬೀಳುತ್ತದೆ. ಮನುಷ್ಯ ತಲೆಕೆಳಗಾಗಿ ಜಾರಿ ಹೋಗಲೂಬಹುದು. ಬಲಗಡೆಯದ್ದು ಫುಲ್ ಬಾಡಿ ಹಾರ್ನೆಸ್. ಹೆಗಲು, ಎದೆ, ಎರಡೂ ತೊಡೆಗೆ ಪಟ್ಟಿ ಇದೆ, ಭಾರ ಹಂಚಿ ಹೋಗುತ್ತದೆ. ನಮಗೆ ಬೇಕಾದದ್ದು ಇದು.

[ದೃಶ್ಯ: ಲೇಬಲ್, ತೀರಾ ಹತ್ತಿರದಿಂದ]

ಪಟ್ಟಿಗೆ ಹೊಲಿದ ಈ ಬಿಳಿ ಚೀಟಿ ಓದದೆ ದುಡ್ಡು ಕೊಡಬೇಡಿ. ಐಎಸ್ 3521 ಅಂತ ಇದ್ದರೆ ಅದು ನಮ್ಮ ದೇಶದ ಮಾನದಂಡ. ಇಎನ್ 361 ಅಂತಿದ್ದರೆ ಯುರೋಪಿನದ್ದು. ತಯಾರಾದ ತಿಂಗಳು, ವರ್ಷ ಇರಬೇಕು. ಎಷ್ಟು ತೂಕದವರಿಗೆ ಅಂತ ಬರೆದಿರಬೇಕು, ಆ ತೂಕದಲ್ಲಿ ನಿಮ್ಮ ಕತ್ತಿ, ಸ್ಪ್ರೇ ಗನ್ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಇನ್ನು ಬೆಲ್ಟ್‌ನ ರಿಂಗ್‌ಗಳ ಹತ್ತಿರ 'ಎ' ಅನ್ನುವ ಅಕ್ಷರ ಹುಡುಕಿ. ಇಎನ್ 361 ಬೆಲ್ಟ್‌ನಲ್ಲಿ ಬೀಳುವವರನ್ನು ಹಿಡಿಯಲೆಂದೇ ಮಾಡಿದ ರಿಂಗ್‌ಗೆ ಆ ಗುರುತು ಇರುತ್ತದೆ, ಬೆನ್ನಲ್ಲಿ ಅಥವಾ ಎದೆಯಲ್ಲಿ. ಸೊಂಟದ ಎರಡು ಬದಿಯ ರಿಂಗ್ ಬರೇ ಒರಗಿ ನಿಂತು ಕೆಲಸ ಮಾಡಲಿಕ್ಕೆ. ಬಿದ್ದರೆ ಹಿಡಿಯುವ ಕೆಲಸ ಅದರದ್ದಲ್ಲ. ಮರ ಹತ್ತುವವರಿಗೆ ಎದೆಯ ಮೇಲೆ ರಿಂಗ್ ಇರುವ ಬೆಲ್ಟ್ ಒಳ್ಳೆಯದು, ಹಗ್ಗ ಕಣ್ಣೆದುರೇ ಇರುತ್ತದೆ.

ಅಂಗಡಿಯಲ್ಲೇ ಹಾಕಿ ನೋಡಿ. ತೊಡೆಯ ಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಿ. ತಳೆ ಹಾಕಿ ಹತ್ತುವಾಗ ಮೊಣಕಾಲು ಎದೆವರೆಗೆ ಬರುತ್ತದೆ, ಆಗ ಕತ್ತರಿಸಿದ ಹಾಗೆ ಆದರೆ ಆ ಬೆಲ್ಟನ್ನು ಯಾರೂ ಎರಡನೇ ದಿನ ಹಾಕುವುದಿಲ್ಲ.

[ದೃಶ್ಯ: ಮರದ ಬುಡ. ಮೊಣಕಾಲಿನ ಎತ್ತರದಲ್ಲಿ ಹಗ್ಗ ಸುತ್ತುತ್ತಿರುವ ಕೈಗಳು]

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಲ್ಟ್ ಎಷ್ಟು ಗಟ್ಟಿ ಅಂತ ಎಲ್ಲರೂ ಕೇಳುತ್ತಾರೆ. ಬೆಲ್ಟನ್ನು ಮರಕ್ಕೆ ಕಟ್ಟುವ ಹಗ್ಗ ಜಾರುತ್ತದಾ ಅಂತ ಯಾರೂ ಕೇಳುವುದಿಲ್ಲ. ಅಡಿಕೆ ಮರ ನೆಟ್ಟಗೆ, ನುಣ್ಣಗೆ ಇರುತ್ತದೆ. ಹಗ್ಗವನ್ನು ಬರೇ ಬಳೆಯ ಹಾಗೆ ಸುತ್ತಿ ಬಿಟ್ಟರೆ, ಕಾಲು ಜಾರಿದಾಗ ನೀವೂ ಹಗ್ಗವೂ ಒಟ್ಟಿಗೇ ಬುಡಕ್ಕೆ ಬರುತ್ತೀರಿ. ತಡೆಯಲಿಕ್ಕೆ ಮಧ್ಯದಲ್ಲಿ ಒಂದು ಕೊಂಬೆಯೂ ಇಲ್ಲ.

ಹಾಗಾಗಿ ಭಾರ ಬಿದ್ದಷ್ಟೂ ಬಿಗಿಯುವ ಕುಣಿಕೆಯೇ ಬೇಕು. ನೋಡಿ, ಸಡಿಲ ಬಿಟ್ಟಾಗ ಕೈಯಿಂದ ಮೇಲಕ್ಕೆ ತಳ್ಳಬಹುದು. ಕೆಳಗೆ ಎಳೆದರೆ ಕಾಂಡವನ್ನು ಕಚ್ಚಿಕೊಳ್ಳುತ್ತದೆ. ಕೊಳ್ಳುವಾಗ ಹೀಗೆ ಬಿಗಿಯುವ ಹಗ್ಗವನ್ನೇ ಕೇಳಿ.

ಆಮೇಲೆ ಪರೀಕ್ಷೆ. ನೆಲದಿಂದ ಸೊಂಟದೆತ್ತರಕ್ಕಿಂತ ಮೇಲೆ ಹತ್ತದೆ, ನಿಮ್ಮದೇ ತೋಟದ ಮರದಲ್ಲಿ, ಕಾಂಡಕ್ಕೆ ನೀರು ಹೊಯ್ದು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಮಾಡಿ. ಕುಣಿಕೆಯನ್ನು ತಲೆಯ ಮಟ್ಟದಲ್ಲಿ ಹಾಕಿ, ಎದೆಯ ರಿಂಗ್‌ಗೆ ಸಿಕ್ಕಿಸಿ, ನಿಧಾನವಾಗಿ ಕಾಲು ಮಡಚಿ ಪೂರ್ತಿ ಭಾರ ಬಿಡಿ. ಒಂದೆರಡು ಇಂಚು ಜಾರಿ ನಿಂತಿತಾ, ಸರಿ. ಗೇಣುಗಟ್ಟಲೆ ಜಾರಿತಾ, ಆ ಹಗ್ಗ ಬೇಡ. ಬೇಸಗೆಯ ಒಣ ಮರದಲ್ಲಿ ನಿಂತದ್ದು ಆಟಿಯ ಮಳೆಯಲ್ಲಿ ನಿಲ್ಲಬೇಕೆಂದಿಲ್ಲ, ಅದಕ್ಕೇ ನೀರು ಹೊಯ್ಯಲು ಹೇಳಿದ್ದು.

ಹತ್ತುವಾಗ ಕುಣಿಕೆ ಯಾವಾಗಲೂ ತಲೆಯ ಮಟ್ಟದಲ್ಲಿರಲಿ, ಎದೆಗಿಂತ ಕೆಳಗೆ ಬಿಡಬೇಡಿ. ಹಗ್ಗ ಉದ್ದ ಇದ್ದಷ್ಟೂ ಜಾಸ್ತಿ ದೂರ ಬೀಳುತ್ತೀರಿ, ಎಳೆತವೂ ಜಾಸ್ತಿ.

[ದೃಶ್ಯ: ಕ್ಯಾರಬಿನರ್ ಕೊಕ್ಕೆ, ಪಕ್ಕದಲ್ಲಿ ಕೀಚೈನ್ ಕೊಕ್ಕೆ]

ಕೊಕ್ಕೆಯಲ್ಲಿ 22 ಕೆಎನ್ (kN, ಕಿಲೋನ್ಯೂಟನ್) ಅಥವಾ ಅದಕ್ಕಿಂತ ಜಾಸ್ತಿ ಅಂತ ಅಚ್ಚೊತ್ತಿರಬೇಕು. ಅಂದರೆ ಸುಮಾರು 2200 ಕಿಲೋ ತೂಕದಷ್ಟು ಎಳೆತ. ಬಾಯಿ ತಾನಾಗಿ ಲಾಕ್ ಆಗಬೇಕು. ಕೀಚೈನಿಗೆ ಹಾಕುವ ಕೊಕ್ಕೆಯೂ ನೋಡಲು ಹೀಗೇ ಇರುತ್ತದೆ, ಮೋಸ ಹೋಗಬೇಡಿ.

ಇನ್ನು ಹತ್ತುವ ಯಂತ್ರ. ತೆಂಗಿಗೆ ಹೆಚ್ಚಾಗಿ ಕಾಣುವುದು ಕೇರಳದ ಚೆಂಬೇರಿ ಮಾದರಿ. ಎರಡು ಚೌಕಟ್ಟು, ನಿಂತುಕೊಂಡೇ ಒಂದೊಂದು ಕಾಲು ಎತ್ತಿ ಇಡುವುದು. ಕಲಿತವರಿಗೆ ಬೇಗ ಕೆಲಸ ಆಗುತ್ತದೆ. ಆದರೆ ಪಾದ ಕೊಂಡಿಯಿಂದ ಜಾರಿದರೆ ಹಿಡಿಯಲು ಅದರಲ್ಲೇ ಏನೂ ಇಲ್ಲ. ಹಾಗಾಗಿ ಯಂತ್ರದ ಜೊತೆಗೂ ಬೆಲ್ಟ್ ಬೇಕೇ ಬೇಕು. ಕೂತು ಹತ್ತುವ ಮಾದರಿ ನಿಧಾನ, ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕ್ 2019ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿರಬಹುದು. ಯಾವುದನ್ನೇ ಕೊಳ್ಳಿ, ಕಾಂಡದ ದಪ್ಪಕ್ಕೆ ಸರಿಹೊಂದುತ್ತದಾ ಅಂತ ನೋಡಿ. ಬುಡ ದಪ್ಪ, ತುದಿ ಸಪೂರ. ಬುಡದಲ್ಲಿ ಬಿಗಿ ಇದ್ದದ್ದು ಮೇಲೆ ಸಡಿಲ ಆಗುತ್ತದೆ.

ಮರಕ್ಕೇ ಹತ್ತದೆ ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯುವವರು, ಮದ್ದು ಬಿಡುವವರು ಈಗ ಜಾಸ್ತಿಯಾಗಿದ್ದಾರೆ. ಬಹಳ ಒಳ್ಳೆಯದು. ಒಂದು ಎಚ್ಚರ ಮಾತ್ರ: ಕಾರ್ಬನ್ ಫೈಬರಿನಲ್ಲೂ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಅದರ ಹತ್ತಿರ ದೋಟಿ ಎತ್ತಲೇಬೇಡಿ.

[ದೃಶ್ಯ: ಮೈಲುತುತ್ತಿನ ನೀಲಿ ಕಲೆ ಹಿಡಿದ ಬೆಲ್ಟ್]

ನಮ್ಮ ಕಡೆ ಬೆಲ್ಟ್ ಹಾಳಾಗಲು ನಮ್ಮದೇ ಒಂದು ಕಾರಣ ಇದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಅಂದರೆ ಅದೇ. ಮೇಲೆ ಬಿಟ್ಟದ್ದು ಅರ್ಧ ನಮ್ಮ ಮೈಮೇಲೇ ಬೀಳುತ್ತದೆ. ಮೈಲುತುತ್ತು ಬಕಲ್‌ನ ಲೋಹವನ್ನು ತಿನ್ನುತ್ತದೆ, ಸುಣ್ಣ ಪಟ್ಟಿಯ ನೂಲಿಗೆ ಒಳ್ಳೆಯದಲ್ಲ. ದಿನದ ಕೆಲಸ ಮುಗಿದ ಮೇಲೆ ಸಾದಾ ನೀರಲ್ಲಿ ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ, ಬಿಸಿಲಿಗೂ ನೂಲು ಬಲ ಕಳೆದುಕೊಳ್ಳುತ್ತದೆ. ಪಟ್ಟಿಯನ್ನು ಹೀಗೆ ಮಡಚಿ ನೋಡಿ. ಮಡಿಕೆಯಲ್ಲಿ ನೂಲು ಎದ್ದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಗಡುಸಾಗಿದ್ದರೆ ಅದನ್ನು ಕತ್ತರಿಸಿ ಬಿಸಾಡಿ. ಸುಮ್ನೆ ಮೂಲೆಯಲ್ಲಿಟ್ಟರೆ ಇನ್ನೊಬ್ಬರು ಹಾಕಿಕೊಂಡು ಹತ್ತುತ್ತಾರೆ. ಒಮ್ಮೆ ಬಿದ್ದು ತಡೆದ ಬೆಲ್ಟ್ ಚೆನ್ನಾಗಿ ಕಂಡರೂ ಮತ್ತೆ ಬಳಸಬೇಡಿ.

ಖರ್ಚು ಯಾರದ್ದು? ನನ್ನ ಪ್ರಕಾರ ತೋಟದವರದ್ದು. ಮೈಲುತುತ್ತು, ಪಂಪು, ಪೈಪು ನಾವೇ ತರುತ್ತೇವೆ. ಹತ್ತುವವರ ಬೆಲ್ಟನ್ನೂ ಅದೇ ಪಟ್ಟಿಗೆ ಸೇರಿಸಬೇಕು. ಅವರ ಅಳತೆಗೇ ತರಬೇಕು, ಬೆಲ್ಟ್ ಹಾಕಿದ್ದರಿಂದ ದಿನಕ್ಕೆ ನಾಲ್ಕು ಮರ ಕಮ್ಮಿಯಾದರೆ ಗೊಣಗಬಾರದು. ಮರದಿಂದ ಮರಕ್ಕೆ ಬಾಗಿ ದಾಟುವುದು ಬೆಲ್ಟ್ ಹಾಕಿದರೆ ಆಗುವುದಿಲ್ಲ, ಇಳಿದು ಹತ್ತಬೇಕು. ಆ ಹೊತ್ತಿಗೂ ಸಂಬಳ ಕೊಡಬೇಕು. ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ತರಬೇತಿಯ ಬಗ್ಗೆ ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

[ದೃಶ್ಯ: ಬೆಲ್ಟ್‌ನಲ್ಲಿ ನೆಲದಿಂದ ಒಂದಡಿ ಮೇಲೆ ನೇತಾಡುತ್ತಿರುವವರು, ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು ನಿಲ್ಲುತ್ತಾರೆ]

ಬೆಲ್ಟ್ ಹಿಡಿಯಿತು ಅಂತಿಟ್ಟುಕೊಳ್ಳಿ. ಆಮೇಲೆ? ಅಲುಗಾಡದೆ ನೇತಾಡಿದರೆ ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ನಿಲ್ಲುತ್ತದೆ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಅದಕ್ಕೆ ಬೆಲ್ಟ್‌ಗೆ ಒಂದು ಉದ್ದ ಕುಣಿಕೆ ಕಟ್ಟಿಟ್ಟುಕೊಳ್ಳಿ, ಪಾದ ಅದರಲ್ಲಿಟ್ಟು ನಿಂತು ನಿಂತು ಕಾಲು ಆಡಿಸುತ್ತಿರಿ. ಕೆಳಗೆ ಒಬ್ಬರು ಇರಲೇಬೇಕು, ಏಣಿಯೂ ಕೈಗೆಟುಕುವಲ್ಲಿರಲಿ. ಒಬ್ಬರೇ ತೋಟಕ್ಕೆ ಹೋಗಿ ಹತ್ತಬೇಡಿ.

ಬೆಲ್ಟ್ ಇಲ್ಲದೆ ಯಾರಾದರೂ ಬಿದ್ದದ್ದು ಕಂಡರೆ ಕೈಕಾಲು ಹಿಡಿದು ಎತ್ತಿ ರಿಕ್ಷಾಕ್ಕೆ ಹಾಕಬೇಡಿ. ಮುರಿದ ಬೆನ್ನೆಲುಬು ಹುರಿಯನ್ನು ಕೊಯ್ಯುವುದು ಆಗಲೇ. ತಲೆ, ಕುತ್ತಿಗೆ ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದುಕೊಳ್ಳಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತೋಟದೊಳಗೆ ಆಂಬುಲೆನ್ಸ್ ಬರುವುದಿಲ್ಲ ಅಂತಾದರೆ ರಸ್ತೆಯ ಬಾಯಿಗೆ ಒಬ್ಬರನ್ನು ಕಳಿಸಿ. ಅವರು ಬೆನ್ನಿಗೆ ಕೊಡುವ ಹಲಗೆ ತರುವವರೆಗೆ ಬಿದ್ದವರನ್ನು ಮಲಗಿದ್ದಲ್ಲೇ ಬಿಡಿ, ಮಳೆ ಬಂದರೆ ಟರ್ಪಾಲು ಹಿಡಿಯಿರಿ.