ಇಗರ್ಜಿ, ದಿವಾನಖಾನೆ, ರಂಗಮಂದಿರ: ಒಂದೇ ತಂಡದ ಸಂಗೀತ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಹಾರ್ಪ್ಸಿಕಾರ್ಡ್ ಎಂಬ, ತಂತಿ ಮೀಟುವ ಕೀಲಿಮಣೆ ವಾದ್ಯದ ವಾದಕ ವಿಲಿಯಂ ಕ್ರಿಸ್ಟಿಯವರು 1979ರಲ್ಲಿ ಕಟ್ಟಿದ ‘ಲೆಜಾರ್ ಫ್ಲೋರಿಸ್ಸಾಂ’ ತಂಡವು ಇಗರ್ಜಿಯ ಆರಾಧನಾ ಸಂಗೀತ, ದಿವಾನಖಾನೆಯ ಕಿರುಮೇಳ ಮತ್ತು ಹಾಡಿನಲ್ಲೇ ನಡೆಯುವ ರಂಗನಾಟಕವಾದ ಆಪೆರಾ ಮೂರನ್ನೂ ಸಮಾನ ಶ್ರದ್ಧೆಯಿಂದ ನಿರ್ವಹಿಸುತ್ತ ಬಂದಿದೆ. ತಂಡ ತನ್ನ ಹೆಸರನ್ನು ಮಾರ್ಕ್-ಆಂತ್ವಾನ್ ಶಾರ್ಪಾಂತಿಯೆ ರಚಿಸಿದ ಒಂದು ಪುಟ್ಟ ಆಪೆರಾದಿಂದ ಪಡೆದುಕೊಂಡಿತು. ಹದಿನೇಳನೆಯ ಶತಮಾನದ ಈ ವಾಗ್ಗೇಯಕಾರ ಪ್ಯಾರಿಸಿನ ಗ್ವೀಜ್ ಮನೆತನದ ರಾಜಕುಮಾರಿಯ ಆಶ್ರಯದಲ್ಲಿದ್ದು, ಆ ಮನೆಯ ಬೆರಳೆಣಿಕೆಯ ಸಂಗೀತಗಾರರಿಗಾಗಿ ಪ್ರಾರ್ಥನೆಯನ್ನೂ ನಾಟಕವನ್ನೂ ಬರೆದರು. ಅವರ ನಡುವೆ ತಾವೂ ನಿಂತು ಹಾಡಿದರು. ಮೂರು ಪ್ರಕಾರಗಳೂ ಅಲ್ಲಿ ಒಂದೇ ಸೂರಿನಡಿ ಬೆಳೆದವು. ಕ್ರಿಸ್ಟಿಯವರ ತಂಡದ ನಿಜವಾದ ಸಾಧನೆ ಆ ಆಪ್ತತೆಯನ್ನು ದೊಡ್ಡ ರಂಗಮಂದಿರದಲ್ಲಿಯೂ ಕಳೆದುಕೊಳ್ಳದೆ ಉಳಿಸಿಕೊಂಡದ್ದು ಎಂದು ನನಗನ್ನಿಸುತ್ತದೆ.

ಶಾರ್ಪಾಂತಿಯೆಯವರ ‘ಲೆಸಾಂ ದ ತೆನೆಬ್ರ್’ ಕೃತಿಗಳನ್ನು ಗಮನವಿಟ್ಟು ಕೇಳಬೇಕು. ಯೇಸುವಿನ ಯಾತನೆಯನ್ನು ಸ್ಮರಿಸುವ ಪವಿತ್ರ ವಾರದಲ್ಲಿ ಹಾಡುವ, ಬೈಬಲಿನಿಂದ ಆಯ್ದ ಈ ಪ್ರಲಾಪಗಳಲ್ಲಿ ಚರಣಗಳ ಮೊದಲಿಗೆ ‘ಆಲೆಫ್’, ‘ಬೇತ್’ ಎಂಬ ಹೀಬ್ರೂ ಅಕ್ಷರಗಳು ಬರುತ್ತವೆ. ಅರ್ಥದ ಭಾರವಿಲ್ಲದ ಆ ಒಂದೊಂದು ಅಕ್ಷರವನ್ನೇ ಗಾಯಕಿ, ನಮ್ಮವರು ಅಕಾರದಲ್ಲಿ ರಾಗವನ್ನು ಬೆಳೆಸುವಂತೆ, ಗಮಕದಂಥ ಅಲಂಕಾರಗಳೊಡನೆ ದೀರ್ಘವಾಗಿ ಹರಿಸುತ್ತಾಳೆ. ಬಳಿಕ ಜೆರುಸಲೇಮಿನ ಪಾಳುಬಿದ್ದ ಸ್ಥಿತಿಯನ್ನು ಹೇಳುವ ಮಾತು ಬಂದೊಡನೆ ಧ್ವನಿ ಸಂಯಮಕ್ಕೆ ಮರಳುತ್ತದೆ. ಕೆಳಗೆ ನಡೆಯುವ ಮಂದ್ರದ ಸಾಲಿಗೆ ಬರಹದಲ್ಲಿ ಕೆಲವು ಅಂಕಿಗಳ ಸೂಚನೆಯಷ್ಟೇ ಇರುವುದುಂಟು. ಆ ಅಂಕಿಗಳ ಮೇಲೆ ಯಾವ ಸ್ವರಗಳನ್ನು ಹೇಗೆ ಜೋಡಿಸಬೇಕು, ಗಾಯಕಿ ಉಸಿರು ತೆಗೆದುಕೊಳ್ಳುವಾಗ ಎಷ್ಟು ಕಾಯಬೇಕು ಎಂಬುದು ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ನೀಳ ಕತ್ತಿನ ತಂತಿವಾದ್ಯವಾದ ಥಿಯೋರ್ಬೊ ನುಡಿಸುವವರ ವಿವೇಕಕ್ಕೆ ಬಿಟ್ಟದ್ದು. ಕರುಳಿನ ತಂತಿ ಬಿಗಿದ ವಾದ್ಯಗಳ ನಾದ ಮೃದುವಾಗಿರುವುದರಿಂದ ಮಾತಿನ ಒಂದು ವ್ಯಂಜನವೂ ಮುಚ್ಚಿಹೋಗುವುದಿಲ್ಲ.

ಮಾತಿನ ಮೇಲಿನ ಇದೇ ನಿಷ್ಠೆ 1987ರಲ್ಲಿ, ಶಾರ್ಪಾಂತಿಯೆಯ ಕಾಲದವರೇ ಆದ ವಾಗ್ಗೇಯಕಾರ ಲುಲ್ಲಿಯವರ ‘ಆತಿಸ್’ ಆಪೆರಾಕ್ಕೆ ಮರುಜೀವ ಕೊಟ್ಟಿತು. 1676ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಮೊದಲು ಪ್ರಯೋಗಗೊಂಡ ಈ ಕೃತಿ, ಲುಲ್ಲಿ ತೀರಿಕೊಂಡು ಮುನ್ನೂರು ವರ್ಷ ತುಂಬಿದ ಆ ವರ್ಷ ಪ್ಯಾರಿಸಿನ ಒಪೆರಾ-ಕೊಮಿಕ್ ರಂಗಮಂದಿರದಲ್ಲಿ ಪ್ರೇಕ್ಷಕರನ್ನು ಬೆರಗುಗೊಳಿಸಿತು. ಅಲ್ಲಿನ ನಿದ್ರಾದೃಶ್ಯದಲ್ಲಿ ಕೊಳಲುಗಳೂ ತಂತಿವಾದ್ಯಗಳೂ ಮೆಲ್ಲಗೆ ತೂಗುವಾಗ, ದಿವಾನಖಾನೆಯಲ್ಲಿ ಕಲಿತ ನಯ ಆಪೆರಾಕ್ಕೆ ಎಷ್ಟು ಅಗತ್ಯವೆಂಬುದು ಕಿವಿಗೇ ತಿಳಿಯುತ್ತದೆ.

2002ರಿಂದ ತಂಡವು ‘ಧ್ವನಿಗಳ ಉದ್ಯಾನ’ವೆಂಬ ಹೆಸರಿನ ಶಿಬಿರದ ಮೂಲಕ ಎಳೆಯ ಗಾಯಕರನ್ನು ಆರಿಸಿ, ತರಬೇತಿ ಕೊಟ್ಟು, ತನ್ನೊಂದಿಗೆ ದೇಶದೇಶಗಳ ವೇದಿಕೆಗೆ ಕರೆದೊಯ್ಯುತ್ತಿದೆ.